ಮರ ಆಮೇಲೆ, ಮೊದ್ಲು ನಕ್ಷೆ: ಕೈಯಲ್ಲೇ ಬೇಸ್ ಗಿಟಾರ್ ಮಾಡೋರ ಪ್ರಶ್ನೆಗಳು

ಹೋದ ಸಂಚಿಕೇಲಿ ಒಬ್ರು ಬೇಸ್ ಗಿಟಾರ್ ಮನೇಲೇ ಮಾಡ್ಬೋದಾ ಅಂತ ಕೇಳಿದ್ರು, ಧಾರಾಳವಾಗಿ ಮಾಡ್ಬೋದು ಅಂತ ಎರಡು ಸಾಲು ಬರ್ದು ಸುಮ್ನಾಗಿದ್ದೆ, ಅಷ್ಟಕ್ಕೇ ಪತ್ರಗಳ ಸುರಿಮಳೆ. ಅದ್ರಲ್ಲಿ ಮುಕ್ಕಾಲು ಪಾಲು ಯಾವ ಮರ, ಯಾವ ಮರ ಅನ್ನೋದೇ. ಅಳತೆ ಬಗ್ಗೆ ಕೇಳಿದೋರು ಒಬ್ರೋ ಇಬ್ರೋ. ಇದು ಉಲ್ಟಾ ಇರ್ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಒಂದೇ ಥರದ ಪ್ರಶ್ನೆಗಳನ್ನ ಸೇರ್ಸಿದೀನಿ, ಹೆಸರು ಬಿಟ್ಟಿದೀನಿ.

ಪ್ರಶ್ನೆ: ಬೇಸ್ ನುಡಿಸ್ತೀನಿ, ಗರಗಸ ಉಳಿ ಹಿಡಿಯೋಕೂ ಬರತ್ತೆ, ಆದ್ರೆ ವಾದ್ಯ ಮಾಡಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಪೇಪರ್‌ನಿಂದ. ತಮಾಷೆ ಅಲ್ಲ. ಒಂದೂಕಾಲು ಮೀಟರ್ ಉದ್ದದ ಪೇಪರ್ ಹಾಸಿ, ನಡುವೆ ಒಂದು ನೇರ ಗೆರೆ ಎಳೀರಿ, ಅದೇ ಸೆಂಟರ್ ಲೈನ್, ಇನ್ಮೇಲೆ ನೀವು ಮಾಡೋ ಪ್ರತಿಯೊಂದು ತೂತು, ಪ್ರತಿಯೊಂದು ಕಡಿತ ಆ ಗೆರೆಯಿಂದಾನೇ ಅಳೀಬೇಕು. ಬಾಡಿ ಅಂಚಿನಿಂದ ಅಳೆದ್ರೆ ಕೆಟ್ರಿ, ಯಾಕಂದ್ರೆ ಅಂಚು ಸ್ಯಾಂಡಿಂಗ್ ಮಾಡ್ದಾಗೆಲ್ಲ ಜರುಗ್ತಾ ಇರತ್ತೆ. ಆ ಗೆರೆ ಮೇಲೆ ನಟ್ (ತಲೆ ಕಡೆ ತಂತಿ ಕೂರೋ ಪಟ್ಟಿ) ಎಲ್ಲಿ, ಬ್ರಿಡ್ಜ್ ಸ್ಯಾಡಲ್ (ಬಾಡಿ ಕಡೆ ತಂತಿ ಕೂರೋ ಸಣ್ಣ ಆಧಾರ) ಎಲ್ಲಿ ಅಂತ ಗುರ್ತು ಹಾಕಿ, ಎರಡರ ಮಧ್ಯೆ ಇರೋದೇ ಸ್ಕೇಲ್ ಲೆಂತ್. ಬೇಸ್‌ಗೆ ಹೆಚ್ಚು ಬಳಕೇಲಿರೋದು 34 ಇಂಚು, ಅಂದ್ರೆ ಹತ್ರಹತ್ರ 864 ಮಿಮೀ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಶನ್ ಬೇಸ್ ತಂದಾಗ ಇಟ್ಟಿದ್ದು ಈ ಅಳತೆ, ಇವತ್ತಿಗೂ ತಂತಿ, ಬ್ರಿಡ್ಜ್, ಕೇಸ್ ಎಲ್ಲ ಇದಕ್ಕೇ ಸುಲಭವಾಗಿ ಹೊಂದೋದ್ರಿಂದ ಮೊದಲ್ನೇ ವಾದ್ಯಕ್ಕೆ ಬೇರೆ ಅಳತೆ ಯೋಚ್ನೆ ಮಾಡ್ಬೇಡಿ.

ಇನ್ನೊಂದು ಮಾತು, ಬ್ರಿಡ್ಜ್, ಶ್ರುತಿ ಮಾಡೋ ಟ್ಯೂನರ್, ತಂತಿ ಅಲ್ಲಾಡೋದನ್ನ ಹಿಡಿಯೋ ಪಿಕಪ್, ನೆಕ್ (ವಾದ್ಯದ ಕತ್ತು) ಒಳಗೆ ಕೂರೋ ಟ್ರಸ್ ರಾಡ್ ಇವೆಲ್ಲ ಕೈಗೆ ಬರೋ ತನಕ ಮರಕ್ಕೆ ಗರಗಸ ತಾಗಿಸ್ಬೇಡಿ. ಕ್ಯಾಟಲಾಗ್‌ನಲ್ಲಿ 19 ಮಿಮೀ ಅಂತ ಬರೆದಿರೋ ತಂತಿ ಅಂತರ ಕೈಗೆ ಬಂದ ಬ್ರಿಡ್ಜ್‌ನಲ್ಲಿ 18 ಇದ್ರೆ ನೆಕ್‌ನ ಅಗಲಾನೇ ಬದ್ಲಾಗತ್ತೆ. ಬ್ರಿಡ್ಜ್ ಎತ್ತರಾನೂ ಹಾಗೇ. ಮಾಮೂಲಿ ಬೋಲ್ಟ್ ಹಾಕೋ ನೆಕ್‌ನ ಹಿಮ್ಮಡಿ ದಪ್ಪ ಸುಮಾರು 25 ಮಿಮೀ, ಅದು ಕೂರೋ ಪಾಕೆಟ್ ಆಳ 16, ಹಾಗಾದ್ರೆ ಫಿಂಗರ್‌ಬೋರ್ಡ್ (ಬೆರಳಿಡೋ ಹಲಗೆ) ಬಾಡಿಗಿಂತ 9 ಮಿಮೀ ಮೇಲಿರತ್ತೆ, ಅದ್ರ ಮೇಲೆ ಫ್ರೆಟ್ (ಸ್ವರದ ಜಾಗ ಗುರ್ತಿಸೋ ಲೋಹದ ಅಡ್ಡಪಟ್ಟಿ) ಒಂದು ಮಿಮೀ, ತಂತಿ ಎರಡೂವರೆ ಮಿಮೀ, ಈ ಲೆಕ್ಕಕ್ಕೆ ನಿಮ್ಮ ಬ್ರಿಡ್ಜ್‌ನ ಸ್ಯಾಡಲ್ ಏರಿಳಿಯೋ ಜಾಗ ಸಿಗತ್ತಾ ಅಂತ ಪೇಪರ್ ಮೇಲೇ ಪಕ್ಕದ ನೋಟ ಬರ್ದು ನೋಡ್ಕೋಬೇಕು. ಸಿಗ್ಲಿಲ್ಲ ಅಂದ್ರೆ ಪಾಕೆಟ್ ಆಳ ಬದ್ಲಾಯ್ಸಿ, ಪೇಪರ್ ಮೇಲೆ ಅದಕ್ಕೆ ರಬ್ಬರ್ ಸಾಕು.

ನೆಕ್ ರೆಡಿಮೇಡ್ ತಗೊಂಡು ಬಾಡಿ ಮಾತ್ರ ಮಾಡಿದ್ರೆ ಅದು ಕೈಯಲ್ಲಿ ಮಾಡಿದ್ದು ಅನ್ಸತ್ತಾ ಅಂತ ಇದೇ ಪತ್ರದ ಕೊನೇಲಿ ಒಂದು ಸಂಕೋಚದ ಸಾಲಿದೆ. ಅನ್ಸತ್ತೆ. ಆದ್ರೆ ನಿಜ ಹೇಳ್ಬೇಕಂದ್ರೆ ಕೆಲ್ಸದ ಬಹುಪಾಲು ನೆಕ್‌ನಲ್ಲೇ ಇರೋದು, ಬಾಡಿ ಅನ್ನೋದು ಪಿಕಪ್ಪು ಬ್ರಿಡ್ಜು ಹಿಡ್ಕೊಳ್ಳೋ ಹಲಗೆ ಅಷ್ಟೇ. ಮರಗೆಲ್ಸದ ಖುಷಿಗೆ ಮಾಡೋದಾದ್ರೆ ನೆಕ್ಕೂ ಮಾಡಿ, ಬೇಗ ನುಡಿಸ್ಬೇಕು ಅಂತಿದ್ರೆ ನೆಕ್ ಕೊಂಡ್ಕೊಳ್ಳಿ.

ಪ್ರಶ್ನೆ: ಫ್ರೆಟ್ ಎಲ್ಲೆಲ್ಲಿ ಹಾಕ್ಬೇಕು ಅಂತ ಹೇಗೆ ಗೊತ್ತಾಗತ್ತೆ? ನನ್ನ ಹಳೇ ಬೇಸ್ ಮೇಲೆ ಪೇಪರ್ ಇಟ್ಟು ಗುರ್ತು ಹಾಕ್ಕೊಂಡ್ರೆ ಆಗಲ್ವಾ?

ಬೇಡ. ಪೇಪರ್ ಜರುಗತ್ತೆ, ಪೆನ್ಸಿಲ್ ಗೆರೆಗೇ ಅರ್ಧ ಮಿಮೀ ದಪ್ಪ ಇರತ್ತೆ. ಲೆಕ್ಕಾನೇ ಮಾಡಿ, ಹೈಸ್ಕೂಲ್ ಗಣಿತ ಸಾಕು. ಒಂದು ಆಕ್ಟೇವ್‌ನಲ್ಲಿ 12 ಸ್ವರ, ಒಂದೊಂದು ಫ್ರೆಟ್‌ಗೂ ಕಂಪನ 1.05946 ಪಟ್ಟು ಏರ್ತಾ ಹೋದ್ರೆ 12ನೇ ಫ್ರೆಟ್ ಹೊತ್ತಿಗೆ ಸರಿಯಾಗಿ ಎರಡು ಪಟ್ಟಾಗತ್ತೆ. ಇದನ್ನೇ ಉದ್ದದ ಭಾಷೇಲಿ ಹೇಳೋದಾದ್ರೆ, ಉಳಿದಿರೋ ತಂತಿ ಉದ್ದವನ್ನ 17.817ರಿಂದ ಭಾಗಿಸಿದ್ರೆ ಮುಂದಿನ ಫ್ರೆಟ್‌ಗೆ ಎಷ್ಟು ದೂರ ಅಂತ ಬರತ್ತೆ. 864 ಭಾಗಿಸು 17.817 ಅಂದ್ರೆ 48.49, ಮೊದಲ್ನೇ ಫ್ರೆಟ್ ನಟ್‌ನಿಂದ ಅಷ್ಟು ದೂರ. ಈಗ ಉಳಿದಿದ್ದು 815.51, ಅದನ್ನ ಮತ್ತೆ ಭಾಗಿಸಿದ್ರೆ 45.77, ಎರಡ್ನೇ ಫ್ರೆಟ್ ನಟ್‌ನಿಂದ 94.26ರಲ್ಲಿ. ಹೀಗೇ ಹೋಗ್ತಾ 5ನೇದು 216.73, 7ನೇದು 287.35, 12ನೇದು ಸರಿಯಾಗಿ ಅರ್ಧಕ್ಕೆ, 432. ನಿಮ್ಮ ಲೆಕ್ಕದಲ್ಲಿ 12ನೇದು 432 ಬರ್ಲಿಲ್ಲ ಅಂದ್ರೆ ಎಲ್ಲೋ ಎಡವಿದೀರ ಅಂತ ಅರ್ಥ, ಅಲ್ಲಿಗೇ ನಿಲ್ಸಿ ವಾಪಸ್ ಹೋಗಿ.

ಹಿಂದಿನ ಕಾಲದ ಕುಶಲಕರ್ಮಿಗಳು 17.817 ಬದ್ಲು ಸೀದಾ 18 ಇಟ್ಕೊಂಡು ಭಾಗಿಸ್ತಿದ್ರು. ವ್ಯತ್ಯಾಸ ಸಣ್ಣದು ಅನ್ಸತ್ತೆ ಅಲ್ವಾ, ಆದ್ರೆ 34 ಇಂಚಿನ ಬೇಸ್‌ನಲ್ಲಿ 18ರಿಂದ ಭಾಗಿಸ್ಕೊಂಡು ಹೋದ್ರೆ 12ನೇ ಫ್ರೆಟ್ ಮೂರು ಮಿಮೀಗಿಂತ ಸ್ವಲ್ಪ ಜಾಸ್ತೀನೇ ನಟ್ ಕಡೆ ಬಂದ್ಬಿಡತ್ತೆ.

ಲೆಕ್ಕಕ್ಕಿಂತ ದೊಡ್ಡ ಅಪಾಯ ಅಳೆಯೋದ್ರಲ್ಲಿದೆ. ಒಂದು ಫ್ರೆಟ್‌ನಿಂದ ಇನ್ನೊಂದು ಫ್ರೆಟ್‌ಗೆ ಅಳೀತಾ ಹೋಗ್ಬೇಡಿ, ಪ್ರತಿ ಸಲ 0.2 ಮಿಮೀ ಒಂದೇ ಕಡೆ ತಪ್ಪಿದ್ರೂ 20ನೇ ಫ್ರೆಟ್ ಹೊತ್ತಿಗೆ 4 ಮಿಮೀ ಆಗತ್ತೆ. ಉದ್ದದ ಸ್ಟೀಲ್ ಸ್ಕೇಲನ್ನ ಫಿಂಗರ್‌ಬೋರ್ಡ್‌ಗೆ ಕ್ಲಾಂಪ್ ಮಾಡಿ ಅಲ್ಲಾಡದ ಹಾಗೆ ಇಟ್ಟು, ಇಪ್ಪತ್ತೂ ಗುರ್ತನ್ನ ನಟ್‌ನಿಂದಾನೇ ಅಳೆದು ಹಾಕಿ. ಪೆನ್ಸಿಲ್ ಅಲ್ಲ, ಹರಿತವಾದ ಚಾಕು ಮೊನೆ. ಚಾಕು ಗೆರೆಗೆ ಗರಗಸದ ಹಲ್ಲು ತಾನಾಗೇ ಕೂರತ್ತೆ, ಅದೊಂದು ದೊಡ್ಡ ಅನುಕೂಲ. ಗರಗಸದ ಕಡಿತದ ಅಗಲ 0.6 ಮಿಮೀ ಆಸುಪಾಸು ಇರ್ಬೇಕು, ಫ್ರೆಟ್ ತಂತಿಯ ಕೆಳಗಿನ ನಾಲಿಗೆ ಅದಕ್ಕಿಂತ ಕೂದಲೆಳೆ ತೆಳು, ಪಕ್ಕದಲ್ಲಿರೋ ಸಣ್ಣ ಮುಳ್ಳುಗಳು ಮರಾನ ಕಚ್ಚಿ ಹಿಡ್ಕೊಳ್ತವೆ. ಮಾಮೂಲಿ ಗರಗಸದಲ್ಲಿ ಕುಯ್ದ್ರೆ ಸಂದು ಅಗಲ ಆಗಿ ಫ್ರೆಟ್ ಅಲ್ಲಾಡತ್ತೆ. ಫಿಂಗರ್‌ಬೋರ್ಡ್ ಇನ್ನೂ ಚೌಕವಾಗಿ ಸಮತಟ್ಟಾಗಿ ಇದ್ದಾಗ್ಲೇ ಈ ಕೆಲ್ಸ ಮುಗ್ಸಿ, ಟೇಪರ್ ಕುಯ್ದು ಮೇಲ್ಗಡೆ ದುಂಡು ಮಾಡಿದ್ಮೇಲೆ ಲಂಬ ಹಿಡಿಯೋಕೆ ಆಧಾರಾನೇ ಇರಲ್ಲ.

ಪ್ರಶ್ನೆ: ಹಳೇ ತೇಗದ ಬಾಗಿಲಿನ ಹಲಗೆ ಬಿದ್ದಿದೆ. ಬಾಡಿಗೆ ಆಗತ್ತಾ? ಯಾವ ಮರಕ್ಕೆ ಒಳ್ಳೇ ಟೋನ್ ಬರತ್ತೆ?

ಆಗತ್ತೆ, ಮೂರು ವಿಷ್ಯ ನೋಡ್ಕೊಳ್ಳಿ. ಒಂದು ತೂಕ, ತೇಗ ಆಲ್ಡರ್‌ಗಿಂತ ಗಟ್ಟಿ ಭಾರ ಇರತ್ತೆ, 45 ಮಿಮೀ ದಪ್ಪದ ಇಡೀ ಬಾಡಿ ಅದ್ರಲ್ಲೇ ಮಾಡಿದ್ರೆ ಒಂದು ಗಂಟೆ ನಿಂತು ನುಡ್ಸೋವಷ್ಟರಲ್ಲಿ ಹೆಗಲು ಬಿದ್ದೋಗತ್ತೆ, ಹಾಗಾಗಿ ಒಳಗಡೆ ಟೊಳ್ಳು ಮಾಡಿ ಮೇಲೆ ತೆಳು ಹಲಗೆ ಮುಚ್ಚೋದು ವಾಸಿ. ಎರಡು, ತೇಗದಲ್ಲಿ ಎಣ್ಣೆ ಅಂಶ ಇದೆ, ಅಂಟು ಸರಿಯಾಗಿ ಹಿಡಿಯಲ್ಲ, ಜೋಡ್ಸೋ ಮುಖಗಳನ್ನ ಆಗಷ್ಟೇ ಕೀಸುಳಿ ಹಾಕಿ ಅಸಿಟೋನ್‌ನಲ್ಲಿ ಒರ್ಸಿ, ಅದು ಆರಿದ ತಕ್ಷಣ ಅಂಟು ಹಚ್ಚಿ ಕ್ಲಾಂಪ್ ಮಾಡ್ಬೇಕು. ಮೂರು, ಹಳೇ ಬಾಗಿಲು ಅಂದ್ರೆ ಮೊಳೆ ಇದ್ದೇ ಇರತ್ತೆ, ಮುರಿದು ಒಳಗೇ ಉಳಿದಿರೋದು ಕಣ್ಣಿಗೆ ಕಾಣಲ್ಲ. ಮೆಟಲ್ ಡಿಟೆಕ್ಟರ್ ಇಲ್ದಿದ್ರೆ ಬಲವಾದ ಅಯಸ್ಕಾಂತ ದಾರಕ್ಕೆ ಕಟ್ಟಿ ಹಲಗೆ ಮೇಲೆ ಇಂಚಿಂಚೂ ಓಡಾಡ್ಸಿ. ಓಡ್ತಿರೋ ರೌಟರ್ ಬಿಟ್‌ಗೆ ಮೊಳೆ ಸಿಕ್ರೆ ಚೂರು ಎಲ್ಲಿಗೆ ಹಾರತ್ತೆ ಅಂತ ಹೇಳೋಕಾಗಲ್ಲ.

ಹಳೇ ಮರದ ಬಗ್ಗೆ ಕೀಳರಿಮೆ ಬೇಡ. ಕ್ವೀನ್ ಬ್ಯಾಂಡ್‌ನ ಬ್ರಯನ್ ಮೇ ಹುಡುಗನಾಗಿದ್ದಾಗ 1963ರಲ್ಲಿ ಅಪ್ಪನ ಜೊತೆ ಸೇರ್ಕೊಂಡು ಶುರು ಮಾಡಿದ ಗಿಟಾರ್‌ನ ನೆಕ್ ಬಂದಿದ್ದು ಹಳೇ ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟಿನಿಂದ, ಫಿಂಗರ್‌ಬೋರ್ಡ್ ಮೇಲಿನ ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಅದು ಬೇಸ್ ಅಲ್ಲ ನಿಜ, ಆದ್ರೆ ಮನೇಲಿ ಬಿದ್ದಿರೋ ಸಾಮಾನಿನಲ್ಲಿ ಎಂಥ ವಾದ್ಯ ಆಗ್ಬೋದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ.

ಟೋನ್ ವಿಷ್ಯಕ್ಕೆ ಬಂದ್ರೆ ಜಗಳ ಆಗತ್ತೆ, ಆಗ್ಲಿ. ಎಲೆಕ್ಟ್ರಿಕ್ ಬೇಸ್‌ನಲ್ಲಿ ಪಿಕಪ್‌ಗೆ ಕೇಳ್ಸೋದು ಉಕ್ಕಿನ ತಂತಿ ಅಲ್ಲಾಡೋದು, ಮರದ ಸದ್ದಲ್ಲ. ತಂತಿ ಹೊಸದಾ ಹಳೇದಾ, ರೌಂಡ್‌ವೂಂಡಾ (ಮೇಲೆ ದುಂಡು ತಂತಿ ಸುತ್ತಿದ್ದು) ಫ್ಲಾಟ್‌ವೂಂಡಾ (ಚಪ್ಪಟೆ ತಂತಿ ಸುತ್ತಿದ್ದು), ಪಿಕಪ್ ಬ್ರಿಡ್ಜ್‌ಗೆ ಎಷ್ಟು ಹತ್ರ, ಬೆರಳಾ ಪಿಕ್ಕಾ, ಇವೆಲ್ಲ ಆದ್ಮೇಲೆ ಬಾಡಿ ಮರದ ಸರದಿ. ಮರ ಆರಿಸ್ವಾಗ ನಾನು ನೋಡೋದು ಒಣಗಿದ್ಯಾ, ಹಗುರ ಇದ್ಯಾ, ಸೀಳು ಇಲ್ವಾ, ಇಷ್ಟೇ. ನೆಕ್ ಮರಕ್ಕೆ ಮಾತ್ರ ರಾಜಿ ಬೇಡ, ಗಟ್ಟಿ ಮೇಪಲ್ ಇರ್ಲಿ ಮಹಾಗನಿ ಇರ್ಲಿ ಎಳೆಗಳು ಉದ್ದಕ್ಕೂ ನೇರವಾಗಿ ಓಡಿರ್ಬೇಕು, ತುದೀಲಿ ನೋಡಿದ್ರೆ ವರ್ಷದ ಉಂಗುರಗಳು ನಿಂತ ಹಾಗಿದ್ರೆ ಇನ್ನೂ ಒಳ್ಳೇದು, ಒಂದು ಗಂಟು ಕಂಡ್ರೂ ಆ ಹಲಗೆ ಪಕ್ಕಕ್ಕಿಡಿ. ಮರ ತಂದ ಮೇಲೆ ಕೆಲ್ಸ ಮಾಡೋ ರೂಮಲ್ಲೇ ಕೆಲವು ವಾರ ಬಿಡಿ, ಒಂದೇ ಸಲಕ್ಕೆ ನೆಕ್ ಆಕಾರಕ್ಕೆ ಕುಯ್ಬೇಡಿ. ದಪ್ಪಗೆ ಕುಯ್ದು, ಒಂದಷ್ಟು ದಿನ ಬಿಟ್ಟು, ಅದು ಎಷ್ಟು ತಿರುಚ್ಕೊಳ್ಳತ್ತೋ ತಿರುಚ್ಕೊಳ್ಳಲಿ, ಆಮೇಲೆ ಸಮ ಮಾಡಿ ಕೊನೇ ಅಳತೆಗೆ ತನ್ನಿ.

ಪ್ರಶ್ನೆ: ಟ್ರಸ್ ರಾಡ್ ಹಾಕ್ಲೇಬೇಕಾ? ಗಟ್ಟಿ ಮರ ಇದ್ರೆ ಸಾಕು ಅಂತ ನಮ್ಮ ಬಡಗಿ ಹೇಳ್ತಾರೆ.

ಅವ್ರು ಬಾಗಿಲು ಕಿಟಕಿ ಲೆಕ್ಕದಲ್ಲಿ ಹೇಳ್ತಿದಾರೆ. ನಾಲ್ಕು ತಂತಿ ಶ್ರುತಿ ಮಾಡಿದ್ರೆ ನೆಕ್ ಮೇಲೆ ಒಟ್ಟು 70ರಿಂದ 85 ಕೆಜಿ ಎಳೆತ ಇರತ್ತೆ, ಹಗಲೂ ರಾತ್ರಿ, ವರ್ಷಗಟ್ಟಲೆ, ಅದೂ 21 ಮಿಮೀ ದಪ್ಪದ ಉದ್ದ ಕೋಲಿನ ಮೇಲೆ. ಬಿಲ್ಲಿನ ಹಾಗೆ ಬಾಗತ್ತೆ. ರಾಡ್ ಇದ್ರೆ ಆ ಬಾಗು ತಿರುಗಾ ಎಳ್ಕೋಬೋದು, ಹವಾಮಾನ ಬದ್ಲಾದಾಗ, ತಂತಿ ದಪ್ಪ ಬದ್ಲಾಯ್ಸಿದಾಗ ಸರಿ ಮಾಡ್ಕೋಬೋದು. ಎರಡೂ ಕಡೆ ಬಗ್ಸೋ ಡ್ಯುಯಲ್ ಆಕ್ಷನ್ ರಾಡ್ ತಗೊಳ್ಳಿ, ಅದಕ್ಕೆ ನೇರ ಕಾಲುವೆ ಸಾಕು.

ಇಲ್ಲೊಂದು ಲೆಕ್ಕ ಹೇಳ್ತೀನಿ, ತುಂಬಾ ಜನ ನೆಕ್ ಕಳ್ಕೊಳ್ಳೋದು ಇಲ್ಲೇ. ನೆಕ್ ಒಟ್ಟು ದಪ್ಪ 21, ಅದ್ರಲ್ಲಿ ಫಿಂಗರ್‌ಬೋರ್ಡ್ 6, ಉಳಿದಿದ್ದು 15, ರಾಡ್ ಕಾಲುವೆ ಆಳ 10, ಹಾಗಾದ್ರೆ ಕಾಲುವೆ ಕೆಳಗೆ ಉಳಿಯೋ ಮರ 5 ಮಿಮೀ ಅಷ್ಟೇ. ನೆಕ್ ಹಿಂಬದಿ ಅರದಲ್ಲಿ ಉಜ್ಜಿ ದುಂಡು ಮಾಡ್ವಾಗ ಇನ್ನೂ ಸ್ವಲ್ಪ ತೆಳು ಇದ್ರೆ ಕೈಗೆ ಹಿತ ಅನ್ಸತ್ತೆ, ಇನ್ನೂ ಸ್ವಲ್ಪ ಅನ್ಸತ್ತೆ, ಹಾಗೇ ಹೋಗಿ ಒಂದು ಹೊತ್ತಲ್ಲಿ ರಾಡ್ ಹೊರಗೆ ಇಣುಕತ್ತೆ. ಉಜ್ಜೋಕೆ ಕೂರೋ ಮುಂಚೆ ಆ ಐದು ಮಿಮೀ ಗೋಡೆ ಮೇಲೆ ದೊಡ್ಡದಾಗಿ ಬರ್ದಿಡಿ. ಕ್ಯಾಲಿಪರ್ ಪಕ್ಕದಲ್ಲೇ ಇರ್ಲಿ. ಫಿಂಗರ್‌ಬೋರ್ಡ್ ಅಂಟ್ಸುವಾಗ ರಾಡ್‌ಗೆ ಅಂಟು ಇಳೀದ ಹಾಗೆ ಕಾಲುವೆ ಮೇಲೆ ತೆಳು ಟೇಪ್ ಹಾಕಿ, ಅಂಟು ಹಚ್ಚಿ, ಮುಚ್ಚೋ ಮುಂಚೆ ಟೇಪ್ ಕಿತ್ತು ಹಾಕಿ.

ಪ್ರಶ್ನೆ: ರೌಟರ್‌ನಲ್ಲಿ ಬಾಡಿ ಸುತ್ತ ಕುಯ್ವಾಗ ಕೊಂಬಿನ (ಬಾಡಿಯಿಂದ ಮುಂದಕ್ಕೆ ಚಾಚಿರೋ ಭಾಗ) ಹತ್ರ ಮರ ಚಕ್ಕೆಯಾಗಿ ಕಿತ್ಕೊಂಡು ಬಂತು. ಯಾಕೆ?

ಆ ಜಾಗದಲ್ಲಿ ಎಳೆ ದಿಕ್ಕು ಬದ್ಲಾಗತ್ತೆ ಅದಕ್ಕೆ. ಬಾಡಿ ಪಕ್ಕದಲ್ಲಿ ಹೋಗ್ವಾಗ ಬಿಟ್ ಎಳೆ ಉದ್ದಕ್ಕೆ ಸವರ್ಕೊಂಡು ಹೋಗತ್ತೆ, ಕೊಂಬಿನ ತಿರುವಿನಲ್ಲಿ ಎಳೆಗಳ ತುದಿಗೆ ಎದುರಾಗಿ ನುಗ್ಗತ್ತೆ, ಆಗ ಕುಯ್ಯೋ ಬದ್ಲು ಎತ್ತಿ ಸೀಳತ್ತೆ. ಮುಖ್ಯವಾದ ಕಾರಣ ನೀವು ಜಾಸ್ತಿ ಮರ ಬಿಟ್ಟಿರ್ತೀರ. ಬ್ಯಾಂಡ್ ಸಾ ಅಥವಾ ಜಿಗ್ ಸಾನಲ್ಲಿ ಗೆರೆಯಿಂದ ಎರಡೇ ಮಿಮೀ ಹೊರಗೆ ಕುಯ್ಕೊಂಡು, ಆಮೇಲೆ ಟೆಂಪ್ಲೇಟ್ ಅಂಟ್ಸಿ ಬೇರಿಂಗ್ ಇರೋ ಬಿಟ್ ಹಾಕಿ. ಒಂದು ಸಲಕ್ಕೆ ಮೂರ್ನಾಲ್ಕು ಮಿಮೀ ಆಳಕ್ಕಿಂತ ಇಳೀಬೇಡಿ, ಬಿಟ್ ತಿರುಗೋ ದಿಕ್ಕಿಗೆ ಎದುರಾಗಿ ರೌಟರ್ ನಡ್ಸಿ. ಕೊಂಬಿನ ಆ ಒಂದು ತಿರುವು ಮಾತ್ರ ಡ್ರಮ್ ಸ್ಯಾಂಡರ್‌ನಲ್ಲೋ ಅರದಲ್ಲೋ ನಿಧಾನಕ್ಕೆ ಮಾಡ್ಕೊಂಡ್ರೆ ಇನ್ನೂ ಕ್ಷೇಮ. ಕಿತ್ಕೊಂಡ ಚಕ್ಕೆ ಬಿಸಾಕಿಲ್ಲ ತಾನೆ? ಅದನ್ನೇ ಅದೇ ಜಾಗಕ್ಕೆ ಅಂಟ್ಸಿ ಟೇಪ್ ಬಿಗಿದು ಒಂದು ದಿನ ಬಿಡಿ, ಗೆರೆ ಕಂಡ್ರೂ ಬಣ್ಣದಡಿ ಮುಚ್ಚೋಗತ್ತೆ.

ಮಾಸ್ಕು ಕನ್ನಡಕ ಹಾಕ್ಕೊಂಡಿದೀರಾ ಅಂತ ಪತ್ರದಲ್ಲಿ ಇಲ್ಲ, ಅದಕ್ಕೆ ಹೇಳ್ತೀನಿ. ಬೀಟೆ, ಎಬನಿ ಥರದ ಮರಗಳ ಪುಡಿ ಕೆಲವ್ರಿಗೆ ಚರ್ಮದ ಅಲರ್ಜಿ, ಉಬ್ಬಸ ತರತ್ತೆ, ಅದೂ ಮೊದಲ್ನೇ ದಿನ ಅಲ್ಲ, ಪದೇಪದೇ ತಾಗಿದ ಮೇಲೆ ಶುರುವಾಗತ್ತೆ. ಮುಖಕ್ಕೆ ಕರ್ಚೀಫ್ ಕಟ್ಕೊಂಡ್ರೆ ಆಗಲ್ಲ, ಸರಿಯಾದ ಡಸ್ಟ್ ಮಾಸ್ಕೇ ಬೇಕು.

ಪ್ರಶ್ನೆ: ನಾನು ಮಾಡಿದ ಬೇಸ್ ಕೈ ಬಿಟ್ರೆ ತಲೆ ಕೆಳಗೆ ಜಾರತ್ತೆ. ಬಾಡಿ ಹಿಂದೆ ಸೀಸದ ತೂಕ ಕಟ್ಲಾ?

ಅಯ್ಯೋ ಬೇಡ! ತೂಕಕ್ಕೆ ತೂಕ ಸೇರ್ಸಿದ್ರೆ ಜಾರೋದು ನಿಲ್ಬೋದು, ಬೆನ್ನು ಉಳಿಯಲ್ಲ. ಬಾಡಿಯ ಮೇಲಿನ ಕೊಂಬು ಎಲ್ಲಿಗೆ ಮುಗ್ಯತ್ತೆ ನೋಡಿ, ಸ್ಟ್ರಾಪ್ ಬಟನ್ 12ನೇ ಫ್ರೆಟ್ ನೇರಕ್ಕೆ ಬಂದ್ರೆ ಸಾಮಾನ್ಯವಾಗಿ ಸಮತೋಲ ಸಿಗತ್ತೆ, ನೀವು ಕಳ್ಸಿರೋ ಫೋಟೋದಲ್ಲಿ ಅದು 15ರ ಹತ್ರ ಇದೆ. ಕೊಂಬು ಬೆಳ್ಸೋಕಂತೂ ಆಗಲ್ಲ, ಹಾಗಾಗಿ ಹೆಡ್‌ಸ್ಟಾಕ್ ಕಡೆ ಭಾರ ಇಳ್ಸಿ. ಹಳೇ ಮಾದರಿ ದೊಡ್ಡ ಕಿವಿಯ ಟ್ಯೂನರ್ ತೆಗ್ದು ಹಗುರದವು ಹಾಕಿ, ತುದೀಲಿರೋ ಭಾರ ನೂರು ಗ್ರಾಂ ಕಮ್ಮಿಯಾದ್ರೂ ಹೆಗಲಿಗೆ ಗೊತ್ತಾಗತ್ತೆ. ಹೆಡ್‌ಸ್ಟಾಕ್ ಆಕಾರ ಚಿಕ್ಕದು ಮಾಡೋಕೆ ಜಾಗ ಇದ್ರೆ ಕುಯ್ದು ಹಾಕಿ. ಒರಟು ಚರ್ಮದ ಅಗಲ ಸ್ಟ್ರಾಪೂ ಸ್ವಲ್ಪ ತಡೆಯತ್ತೆ.

ಪ್ರಶ್ನೆ: ಫ್ರೆಟ್ ಹಾಕೋದೇ ಕಷ್ಟ ಅಂದ್ರೆ ಫ್ರೆಟ್‌ಲೆಸ್ ಮಾಡಿದ್ರೆ ಸುಲಭ ಅಲ್ವಾ?

ಮಾಡೋಕೆ ಸ್ವಲ್ಪ ಸುಲಭ, ನುಡ್ಸೋಕೆ ಕಷ್ಟ. ಇನ್ನೊಂದು, ಫ್ರೆಟ್ ಇಲ್ದಿದ್ರೆ ಫಿಂಗರ್‌ಬೋರ್ಡ್ ಉಬ್ಬುತಗ್ಗು ಮುಚ್ಚೋಕೆ ಏನೂ ಇರಲ್ಲ, ಇಡೀ ಹಲಗೆ ಉದ್ದಕ್ಕೂ ನೇರ ಇರ್ಬೇಕು. ಮರ ಗಟ್ಟಿಯಾದ ಎಬನಿಯೋ ಬೀಟೆಯೋ ಇರ್ಲಿ, ರೌಂಡ್‌ವೂಂಡ್ ತಂತಿ ಮೆತ್ತನೆ ಮರಾನ ಅರದ ಹಾಗೇ ತಿನ್ನತ್ತೆ, ಫ್ಲಾಟ್‌ವೂಂಡ್ ಹಾಕಿದ್ರೆ ಆ ಚಿಂತೆ ಕಮ್ಮಿ. ಹೆಸರಾಂತ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ ಫೆಂಡರ್ ಜಾಝ್ ಬೇಸ್‌ನ ಫ್ರೆಟ್ ಇಲ್ದ ಹಲಗೆ ಮೇಲೆ ದೋಣಿಗೆ ಹಚ್ಚೋ ಎಪಾಕ್ಸಿ ಬಳಿದಿದ್ದು ಈ ಸವೆತ ತಡಿಯೋಕೇ, ಆ ಗಟ್ಟಿ ಗಾಜಿನಂಥ ಪದರ ಸದ್ದಿಗೂ ಹೊಳಪು ಕೊಡ್ತು. ಅದಕ್ಕೂ ಮುಂಚೆ 1961ರಲ್ಲೇ ರೋಲಿಂಗ್ ಸ್ಟೋನ್ಸ್‌ನ ಬಿಲ್ ವೈಮನ್ ಒಂದು ಅಗ್ಗದ ಬೇಸ್‌ನ ಬಾಡಿ ಕುಯ್ದು ಚಿಕ್ಕದು ಮಾಡಿ, ಹಳೇ ಫ್ರೆಟ್ ಕಿತ್ತು, ಹೊಸದು ಹಾಕೋಣ ಅಂತಿದ್ದೋರು ಹಾಗೇ ಚೆನ್ನಾಗಿದೆ ಅಂತ ಬಿಟ್ಬಿಟ್ರು.

ಪಕ್ಕದ ಚುಕ್ಕಿಗಳ ವಿಷ್ಯದಲ್ಲಿ ಹುಷಾರು. ಫ್ರೆಟ್ ಇರೋ ಬೇಸ್‌ನಲ್ಲಿ ಚುಕ್ಕಿ ಎರಡು ಫ್ರೆಟ್ ನಡುವೆ ಇರತ್ತೆ, ಫ್ರೆಟ್‌ಲೆಸ್‌ನಲ್ಲಿ ಸ್ವರ ಬರೋದು ಫ್ರೆಟ್ ಗೆರೆ ಮೇಲೇ ಬೆರಳಿಟ್ಟಾಗ, ಹಾಗಾಗಿ ಚುಕ್ಕೀನೂ ಗೆರೆ ನೇರಕ್ಕೇ ಹಾಕಿ.

ಪ್ರಶ್ನೆ: ಪಿಕಪ್ ಕೂಡ ಕೈಯಲ್ಲೇ ಸುತ್ಬೇಕು ಅಂತ ಆಸೆ. ಮತ್ತೆ ಗುಂಯ್ ಅನ್ನೋ ಹಮ್ ಹೇಗೆ ನಿಲ್ಸೋದು?

ಆಸೆ ಒಳ್ಳೇದು, ತಾಳ್ಮೆ ಇದ್ಯಾ ನೋಡ್ಕೊಳ್ಳಿ. 42 ಗೇಜ್ ಇನಾಮಲ್ ತಾಮ್ರದ ತಂತಿ ತಲೆಗೂದಲಿನಷ್ಟು ಸಣ್ಣ, ಒಂದೊಂದು ಕಾಯಿಲ್‌ಗೂ ಹತ್ತು ಸಾವಿರ ಸುತ್ತಿನ ಆಸುಪಾಸು ಬೇಕು, ಬಿಗಿ ಜಾಸ್ತಿಯಾದ್ರೆ ಪಟ್ ಅಂತ ಕಿತ್ಕೊಳ್ಳತ್ತೆ, ಸಡಿಲ ಆದ್ರೆ ಆಮೇಲೆ ಮೈಕ್ರೋಫೋನ್ ಥರ ಕಿರುಚತ್ತೆ, ಅದಕ್ಕೇ ಸುತ್ತಿದ ಮೇಲೆ ಬಿಸಿ ಮೇಣದಲ್ಲಿ ಅದ್ದೋದು. ಸುತ್ತು ಎಣಿಸೋ ಕೌಂಟರ್ ಇಲ್ದೆ ಕೈ ಹಾಕ್ಬೇಡಿ.

ಹಮ್‌ಗೆ ಸುಲಭ ದಾರಿ ಡಿಸೈನ್‌ನಲ್ಲೇ ಇದೆ. ಫೆಂಡರ್ 1957ರಲ್ಲಿ ಪ್ರಿಸಿಶನ್ ಬೇಸ್‌ನ ಪಿಕಪ್‌ನ ಎರಡು ತುಂಡು ಮಾಡಿದ್ರು, ಒಂದು ಇ ಮತ್ತು ಎ ತಂತಿ ಕೆಳಗೆ, ಇನ್ನೊಂದು ಡಿ ಮತ್ತು ಜಿ ಕೆಳಗೆ. ಎರಡರ ಆಯಸ್ಕಾಂತದ ದಿಕ್ಕು ಉಲ್ಟಾ, ವಿದ್ಯುತ್ ಹರಿಯೋ ದಿಕ್ಕೂ ಉಲ್ಟಾ. ಹೊರಗಿಂದ ಬರೋ ಹಮ್‌ಗೆ ಆಯಸ್ಕಾಂತದ ಹಂಗಿಲ್ಲ, ಅದು ಎರಡು ಕಾಯಿಲ್‌ನಲ್ಲಿ ಎದುರುಬದುರಾಗಿ ಬಂದು ಒಂದನ್ನೊಂದು ಅಳಿಸ್ಕೊಳ್ಳತ್ತೆ, ತಂತಿಯ ಸದ್ದು ಎರಡು ಸಲ ಉಲ್ಟಾ ಆಗಿ ನೆಟ್ಟಗೇ ಉಳಿಯತ್ತೆ. ಜಾಝ್ ಬೇಸ್ ಥರ ಎರಡು ಸಿಂಗಲ್ ಕಾಯಿಲ್ ಹಾಕಿದ್ರೆ ಎರಡೂ ವಾಲ್ಯೂಮ್ ಸಮ ಇದ್ದಾಗ ಮಾತ್ರ ಈ ಲಾಭ.

ವೈರಿಂಗ್‌ನಲ್ಲಿ ಎಲ್ರೂ ಮರೆಯೋದು ಬ್ರಿಡ್ಜ್ ಗ್ರೌಂಡ್. ಬ್ರಿಡ್ಜ್ ಅಡಿಯಿಂದ ಕಂಟ್ರೋಲ್‌ಗಳು ಕೂರೋ ಗುಳಿವರೆಗೆ ಉದ್ದ ಡ್ರಿಲ್ ಬಿಟ್‌ನಲ್ಲಿ ಓರೆ ತೂತು ಕೊರೆದು ಒಂದು ವೈರ್ ಎಳೀಬೇಕು, ಬಣ್ಣ ಹೊಡೆಯೋ ಮುಂಚೆನೇ ಕೊರೀರಿ. ಮುಗಿದ ಮೇಲೆ ಮಲ್ಟಿಮೀಟರ್‌ನ ಒಂದು ಕಡ್ಡಿ ತಂತಿಗೆ, ಇನ್ನೊಂದು ಜ್ಯಾಕ್‌ನ ಹೊರಭಾಗಕ್ಕೆ ಇಟ್ರೆ ಹತ್ರಹತ್ರ ಸೊನ್ನೆ ಓಮ್ ತೋರಿಸ್ಬೇಕು. ಆ ಗುಳಿ ಒಳಗೆಲ್ಲ ತಾಮ್ರದ ಟೇಪ್ ಅಂಟ್ಸಿ, ತುಂಡುಗಳ ಮಧ್ಯೆ ಬೆಸುಗೆ ಹಾಕಿ ಗ್ರೌಂಡ್‌ಗೆ ಸೇರ್ಸಿ. ಪಾಟ್‌ಗಳು (ವಾಲ್ಯೂಮ್, ಟೋನ್ ಏರಿಳಿಸೋ ತಿರುಗುಗಳು) 250ಕೆ, ಟೋನ್ ಕೆಪ್ಯಾಸಿಟರ್ 0.047 ಮೈಕ್ರೋಫ್ಯಾರಡ್, ಇದು ಮಾಮೂಲಿ.

ಪ್ರಶ್ನೆ: ಎಣ್ಣೆ ಫಿನಿಶ್ ಸಾಕಾ, ಲ್ಯಾಕರ್ ಹೊಡೀಬೇಕಾ?

ಮನೇಲಿ ಮಾಡೋರಿಗೆ ಎಣ್ಣೆನೇ. ನೈಟ್ರೋ ಲ್ಯಾಕರ್‌ನ ಆವಿ ಉಸಿರಿಗೂ ಕೆಟ್ಟದ್ದು, ಬೆಂಕೀನೂ ಬೇಗ ಹಿಡಿಯತ್ತೆ. ಆದ್ರೆ ಎಣ್ಣೆಯಲ್ಲೂ ಒಂದು ಅಪಾಯ ಇದೆ, ಬಾಯ್ಲ್ಡ್ ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಎಸೆದ್ರೆ ಅದು ಒಣಗ್ತಾ ತಾನಾಗೇ ಬಿಸಿಯಾಗಿ ಹೊತ್ಕೋಬೋದು, ಕಡ್ಡಿ ಗೀಚೋದೇ ಬೇಡ. ಬಟ್ಟೆ ಬಿಚ್ಚಿ ಹೊರಗೆ ಹರವಿ ಒಣಗ್ಸಿ ಅಥವಾ ನೀರಲ್ಲಿ ಮುಳುಗ್ಸಿಡಿ. ಮೇಪಲ್ ಫಿಂಗರ್‌ಬೋರ್ಡ್ ಆದ್ರೆ ಎಣ್ಣೆ ಸಾಲಲ್ಲ, ಬೆವರಿಗೆ ಕಪ್ಪಾಗತ್ತೆ, ಅದಕ್ಕೆ ಗಟ್ಟಿ ಪದರ ಬೇಕು.

ಪ್ರಶ್ನೆ: ಎಲ್ಲಾ ಜೋಡ್ಸಿ ಆಯ್ತು, ಆದ್ರೆ ಜಿ ತಂತಿ 5ನೇ ಫ್ರೆಟ್‌ನಲ್ಲಿ ಝರ್ ಅನ್ನತ್ತೆ, ಬೇರೆ ಕಡೆ ಸರಿಯಿದೆ. ಬೇಸರ ಆಗಿದೆ.

ಬೇಸರ ಯಾಕೆ, ಒಂದೇ ಜಾಗದಲ್ಲಿ ಝರ್ ಅಂದ್ರೆ ಸಿಕ್ಕಿಬಿದ್ದ ಹಾಗೇ. ಐದರಲ್ಲಿ ಒತ್ತಿದಾಗ ಸದ್ದು ಬಂದ್ರೆ ಐದನ್ನ ಅನುಮಾನಿಸ್ಬೇಡಿ, ಆರನೇದು ಎದ್ದಿರತ್ತೆ. ಮೂರು ಫ್ರೆಟ್ ಮೇಲೆ ಮಾತ್ರ ಕೂರೋವಷ್ಟು ಚಿಕ್ಕ ನೇರ ಪಟ್ಟಿ ಇಟ್ಟು ತೂಗಿ ನೋಡಿ, ಟಕಟಕ ಅಂತ ಅಲ್ಲಾಡಿದ್ರೆ ನಡುವಿಂದು ಎತ್ತರ. ಮೊದ್ಲು ಅದು ಪೂರ್ತಿ ಕೂತಿದ್ಯಾ ಅಂತ ಸಣ್ಣ ಸುತ್ತಿಗೇಲಿ ತಟ್ಟಿ, ಆಗ್ಲೂ ಎದ್ದಿದ್ರೆ ಮೇಲ್ಗಡೆ ಮಾರ್ಕರ್ ಬಳಿದು ಆ ಕಪ್ಪು ಹೋಗೋವಷ್ಟೇ ಉಜ್ಜಿ, ಆಮೇಲೆ ತಲೆ ದುಂಡು ಮಾಡಿ ಪಾಲಿಶ್ ಮಾಡಿ.

ಇದಕ್ಕೂ ಮುಂಚೆ ಸೆಟಪ್ ಸರಿಯಾದ ಕ್ರಮದಲ್ಲಿ ಮಾಡಿದೀರಾ? ಶ್ರುತಿ ಮಾಡಿ, ಒಂದನೇ ಫ್ರೆಟ್ ಮತ್ತು ಕೊನೇ ಫ್ರೆಟ್ ಎರಡೂ ಒತ್ತಿ ಹಿಡಿದು 7ನೇ ಫ್ರೆಟ್ ಹತ್ರ ತಂತಿ ಕೆಳಗೆ ಎಷ್ಟು ಸಂದು ಇದೆ ನೋಡಿ, 0.3 ಮಿಮೀ ಆಸುಪಾಸು ಇರ್ಬೇಕು. ಜಾಸ್ತಿ ಇದ್ರೆ ಟ್ರಸ್ ರಾಡ್ ಕಾಲು ಸುತ್ತು ಬಿಗಿ ಮಾಡಿ, ಮರಕ್ಕೆ ಟೈಮ್ ಕೊಟ್ಟು ಮತ್ತೆ ನೋಡಿ. ಅದಾದ್ಮೇಲೆ ಸ್ಯಾಡಲ್ ಎತ್ತರ, 17ನೇ ಫ್ರೆಟ್ ಹತ್ರ ಇ ತಂತಿಗೆ 2.4 ಮಿಮೀ ಇಟ್ಟು ನಿಮ್ಮ ಕೈಗೆ ಬೇಕಾದ ಹಾಗೆ ಬದ್ಲಾಯ್ಸಿ. ಇಂಟೊನೇಶನ್, ಅಂದ್ರೆ ಒತ್ತಿದ ಸ್ವರ ಶ್ರುತಿಗೆ ಸರಿಯಾಗಿ ಕೂರೋ ಹಾಗೆ ಮಾಡೋದು, ಕಟ್ಟಕಡೇಗೆ. 12ರಲ್ಲಿ ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ (ಅಲ್ಲೇ ತಂತಿ ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರೋ ಸ್ವರ) ಏರಿದ್ರೆ ಸ್ಯಾಡಲ್ ಹಿಂದಕ್ಕೆ ಎಳೀರಿ, ಇಳಿದ್ರೆ ಮುಂದಕ್ಕೆ. ದಪ್ಪ ತಂತಿಗೆ ಜಾಸ್ತಿ ಹಿಂದಕ್ಕೆ ಹೋಗ್ಬೇಕಾಗತ್ತೆ, ಇ ಸ್ಯಾಡಲ್ ಜಿಗಿಂತ ಐದಾರು ಮಿಮೀ ಹಿಂದಿದ್ರೆ ಗಾಬರಿ ಬೇಡ, ಅದು ಹಾಗೇ.

ಇನ್ನೊಂದು ಸಾಧ್ಯತೆ ಹೇಳಿಬಿಡ್ತೀನಿ. ಝರ್ ಅಲ್ದೆ ಸ್ವರ ಬೇಗ ಸತ್ತೋಗತ್ತೆ ಅಂತಿದ್ರೆ, ಅದೂ ಜಿ ತಂತಿ 5ರಿಂದ 7ರ ಮಧ್ಯೆ ಆದ್ರೆ, ಅದು ಡೆಡ್ ಸ್ಪಾಟ್. ನೆಕ್ ತನ್ನದೇ ಕಂಪನದಲ್ಲಿ ಆ ಸ್ವರದ ಶಕ್ತಿ ಕುಡ್ದುಬಿಡತ್ತೆ. ಫ್ಯಾಕ್ಟರಿ ಬೇಸ್‌ಗಳಲ್ಲೂ ಇದು ಮಾಮೂಲಿ. ಹೆಡ್‌ಸ್ಟಾಕ್‌ಗೆ ಒಂದು ಸಣ್ಣ ಕ್ಲಾಂಪ್ ಸಿಕ್ಕಿಸಿ ನುಡ್ಸಿ ನೋಡಿ, ಜಾಗ ಜರುಗಿದ್ರೆ ಅದೇ ಅಂತ ಗ್ಯಾರಂಟಿ.

ಪ್ರಶ್ನೆ: ಹೆಡ್‌ಸ್ಟಾಕ್ ಮೇಲೆ ದೊಡ್ಡ ಕಂಪನಿ ಲೋಗೋ ಅಂಟಿಸ್ಬೋದಾ?

ಇಲ್ಲ. ನಾಳೆ ಅದು ಕೈ ಬದ್ಲಾದ್ರೆ ನಕಲಿ ಮಾಲು ಅನ್ನೋ ಹೆಸರು ಬರತ್ತೆ. ಇಷ್ಟು ಕಷ್ಟಪಟ್ಟು ಬೇರೆಯವ್ರ ಹೆಸರು ಯಾಕ್ರೀ.

ಪ್ರಶ್ನೆ: ಮೊದಲ್ನೇದೇ 5 ತಂತಿ ಬೇಸ್ ಮಾಡ್ಬೇಕು ಅಂತಿದೀನಿ. ನಾಲ್ಕರ ನಕ್ಷೆಗೆ ಒಂದು ತಂತಿ ಸೇರ್ಸಿದ್ರೆ ಸಾಕಲ್ವಾ?

ಸಾಲಲ್ಲ. ಬಿ ತಂತಿ ಸುಮಾರು 31 ಹರ್ಟ್ಸ್, ಇ 41. ಅಷ್ಟು ಕೆಳಗೆ ಹೋದ್ರೆ ತಂತಿ ಜೋಲು ಬೀಳತ್ತೆ, ಅದಕ್ಕೇ ತುಂಬಾ ಜನ 35 ಇಂಚಿಗೆ ಹೋಗ್ತಾರೆ. ಒಂದೇ ತಂತಿ, ಒಂದೇ ಸ್ವರ ಅಂತಿಟ್ಕೊಂಡ್ರೆ ಎಳೆತ ಉದ್ದದ ವರ್ಗಕ್ಕೆ ತಕ್ಕ ಹಾಗೆ ಬದ್ಲಾಗತ್ತೆ, 34ರಿಂದ 35ಕ್ಕೆ ಹೋದ್ರೆ ಸುಮಾರು ನೂರಕ್ಕೆ 6ರಷ್ಟು ಬಿಗಿ ಸಿಗತ್ತೆ, 30 ಇಂಚಿಗೆ ಇಳಿದ್ರೆ ನೂರಕ್ಕೆ 22ರಷ್ಟು ಹೋಗತ್ತೆ. 35 ಅಂದ್ಮೇಲೆ ಫ್ರೆಟ್ ಲೆಕ್ಕ ಹೊಸದು, ನೆಕ್ ಅಗಲ ಹೊಸದು, ಅಷ್ಟು ಅಗಲಕ್ಕೆ ಪಕ್ಕದಲ್ಲಿ ಎರಡು ಕಾರ್ಬನ್ ಫೈಬರ್ ಪಟ್ಟಿ ಇಟ್ರೆ ವಾಸಿ, ಬ್ರಿಡ್ಜು ಪಿಕಪ್ಪು ನಟ್ಟು ಎಲ್ಲಾ ಬೇರೆ. ತಂತಿ ಕೊಳ್ವಾಗ್ಲೂ 35 ಇಂಚಿಗೆ ಸಾಲೋ ಉದ್ದ ಇದ್ಯಾ ಕೇಳಿ. ಮಾಡ್ಬೇಡಿ ಅನ್ನಲ್ಲ, ಆದ್ರೆ ನಾಲ್ಕರ ನಕ್ಷೆ ಮಡಚಿಟ್ಟು ಹೊಸ ಪೇಪರ್ ತಗೊಳ್ಳಿ.